ಕಂಪ್ಯೂಟರ್ ಆಡಿಸಿದ ಕುಸ್ತಿಯಲ್ಲ, ಬಾಕ್ಸಿಂಗ್!

ಬೇರೆ ಬೇರೆ ಕಾಲದ ಇಬ್ಬರು ಜಟ್ಟಿಗಳು ಎದುರಾಗಿದ್ದರೆ ಗೆಲ್ಲುತ್ತಿದ್ದವರು ಯಾರು? ನಾವೆಲ್ಲ ಕಟ್ಟೆ ಮೇಲೆ ಕೂತು ವಾದಿಸುವ ಈ ಪ್ರಶ್ನೆಯನ್ನು ಅಮೆರಿಕದಲ್ಲಿ ಒಮ್ಮೆ ಕಂಪ್ಯೂಟರಿಗೇ ಕೇಳಿದ್ದರು.

ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೊ 49 ಪಂದ್ಯಗಳಲ್ಲಿ ಒಂದನ್ನೂ ಸೋಲದೆ 1956ರಲ್ಲಿ ನಿವೃತ್ತರಾದರು. ಮುಹಮ್ಮದ್ ಅಲಿ ಚಾಂಪಿಯನ್ ಆಗಿದ್ದು 1964ರಲ್ಲಿ. ಸೇನೆಗೆ ಸೇರಲ್ಲ, ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಎಂದಿದ್ದಕ್ಕೆ 1967ರಲ್ಲಿ ಅವರ ಪಟ್ಟ ಕಿತ್ತುಕೊಂಡರು, ಆಡುವ ಲೈಸೆನ್ಸೂ ಹೋಯಿತು.

1969ರಲ್ಲಿ ರೇಡಿಯೊ ನಿರ್ಮಾಪಕ ಮರ್ರಿ ವೊರೊನರ್ ಇಬ್ಬರನ್ನೂ ಮಯಾಮಿಯ ಸ್ಟುಡಿಯೊಗೆ ಕರೆಸಿದರು. 45ರ ರಾಕಿ ತೂಕ ಇಳಿಸಿ, ವಿಗ್ ಹಾಕಿಕೊಂಡು ಬಂದರು. ಹಲವು ಬಗೆಯ ಕೊನೆಗಳನ್ನು ಚಿತ್ರೀಕರಿಸಿದರು. ಗೆದ್ದವರು ಯಾರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಆಗಸ್ಟ್ 31ರಂದು ರಾಕಿ ವಿಮಾನ ಅಪಘಾತದಲ್ಲಿ ತೀರಿಹೋದರು. 1970ರ ಜನವರಿಯಲ್ಲಿ ಅಮೆರಿಕದ ಥಿಯೇಟರುಗಳಲ್ಲಿ ಚಿತ್ರ ಬಂತು. ಅದರಲ್ಲಿ 13ನೇ ಸುತ್ತಿಗೆ ಅಲಿ ನಾಕೌಟ್!

ಕಂಪ್ಯೂಟರ್ ಲೆಕ್ಕ ಹಾಕಿದ್ದು ಮನುಷ್ಯರೇ ತುಂಬಿಸಿದ ಅಂಕಿಗಳನ್ನು. ಹಾಗಾಗಿ ಆ ತೀರ್ಪನ್ನು ನಾವು ಒಪ್ಪಬೇಕಿಲ್ಲ. ಆದರೆ ಅಲಿ ಕಳೆದುಕೊಂಡ ವರ್ಷಗಳು ಕಲ್ಪನೆಯಲ್ಲ. 25ರಿಂದ 28ರವರೆಗಿನ ಕಸುವಿನ ವಯಸ್ಸಿನಲ್ಲಿ ಅವರಿಗೆ ಅಧಿಕೃತ ಪಂದ್ಯವೇ ಇರಲಿಲ್ಲ. 1971ರಲ್ಲಿ ಸುಪ್ರೀಂ ಕೋರ್ಟ್ ಅವರ ಶಿಕ್ಷೆ ರದ್ದು ಮಾಡಿತು. ಆ ವರ್ಷಗಳನ್ನು ವಾಪಸ್ ಕೊಡಲು ಮಾತ್ರ ಯಾವ ಕೋರ್ಟಿಗೂ, ಯಾವ ಕಂಪ್ಯೂಟರಿಗೂ ಆಗಲಿಲ್ಲ.