ಕಿಟಕಿಯ ಒಳಪಟ್ಟಿಗಳ ವರ್ಣಲೇಪನ

ಕಿಟಕಿಯ ಚೌಕಟ್ಟಿಗೂ ಗೋಡೆಗೂ ನಡುವಣ ಸಂದನ್ನು ಮರೆಸಲು ಮನೆಯ ಒಳಮೈಯಲ್ಲಿ ಹೊಂದಿಸುವ ಮರದ ಪಟ್ಟಿಗಳಿಗೆ, ಅವುಗಳ ಸಹಜರೇಖೆಗಳು ಮಾಸದಂತೆ ಬಣ್ಣವನ್ನೂಡಿ, ಅದರ ಮೇಲೆ ಪಾರದರ್ಶಕವಾದ ರಕ್ಷಾಲೇಪವನ್ನು ಬಳಿಯುವ ಕರ್ಮ. ಕಿಟಕಿಯ ಮರವು ಮನೆಯೊಳಗಿದ್ದರೂ ಬಿಸಿಲು ನೀರುಗಳಿಂದ ದೂರವಾದುದಲ್ಲ. ಗಾಜನ್ನು ದಾಟಿಬರುವ ಅತಿನೇರಳೆ ಕಿರಣಗಳು ಮರದ ಲಿಗ್ನಿನ್ ಅಂಶವನ್ನು ಶಿಥಿಲಗೊಳಿಸುತ್ತವೆ, ಶೀತದೇಶಗಳಲ್ಲಿ ಗಾಜಿನ ಮೇಲೆ ಸಾಂದ್ರೀಕರಿಸಿದ ತೇವವು ಕೆಳಪಟ್ಟಿಗೆ ಇಳಿಯುತ್ತದೆ. ಆದಕಾರಣ ಇಲ್ಲಿ ವರ್ಣವು ಶೋಭೆಗೆ, ಲೇಪವು ಆಯುಷ್ಯಕ್ಕೆ.

ಪೂರ್ವಸಿದ್ಧತೆ: ಮರವನ್ನು ಎಳೆಯ ದಿಕ್ಕಿನಲ್ಲಿಯೇ 120, ಅನಂತರ 150 ಅಥವಾ 180 ಅಂಕದ ಮರಳುಕಾಗದದಿಂದ ಉಜ್ಜಬೇಕು. ಅಡ್ಡಲಾಗಿ ಉಜ್ಜಿದ ಗೀರುಗಳು ಬರಿಮರದಲ್ಲಿ ಕಾಣದಿದ್ದರೂ ಬಣ್ಣ ಬಿದ್ದೊಡನೆ ಕಪ್ಪಾಗಿ ಎದ್ದುನಿಲ್ಲುತ್ತವೆ. ಮೂಲೆಯ ಕೀಲಿನಲ್ಲಿ ಹೊರಸೂಸಿದ ಅಂಟು ಬಣ್ಣವನ್ನು ಹೀರದೆ ಬಿಳಿಚಿಕೊಂಡು ಉಳಿಯುತ್ತದೆ. ಪಟ್ಟಿಯ ಕೊಯ್ದ ತುದಿಗಳು ಬಣ್ಣವನ್ನು ಅಧಿಕವಾಗಿ ಕುಡಿಯುವುದರಿಂದ ಅವನ್ನು ಇನ್ನೂ ನಯವಾಗಿ ಉಜ್ಜುವುದು ವಾಡಿಕೆ. ಪೈನ್ ಮರದಲ್ಲಿ ಬಣ್ಣವು ಕಲೆಕಲೆಯಾಗುವ ಸಂಭವವುಂಟಾದುದರಿಂದ ಮೊದಲು ತೆಳುವಾದ ಪೂರ್ವಲೇಪ ಅಗತ್ಯ. ತೇಗದಲ್ಲಿ ಸ್ವಾಭಾವಿಕವಾದ ಎಣ್ಣೆಯು ಲೇಪವನ್ನು ಹಿಡಿಯಗೊಡದಿರುವುದರಿಂದ ಅದನ್ನು ದ್ರಾವಕದಿಂದ ಒರೆಸಿಕೊಳ್ಳಬೇಕು.

ಲೇಪನ: ಬಣ್ಣವನ್ನು ಬಟ್ಟೆಯಿಂದ ಹಚ್ಚಿ, ಕೆಲವು ನಿಮಿಷಗಳಲ್ಲಿ ಮಿಕ್ಕುದನ್ನು ಒರೆಸಿ, ಪೂರ್ಣವಾಗಿ ಒಣಗಿದ ಮೇಲೆ ರಕ್ಷಾಲೇಪವನ್ನು ತೆಳುವಾಗಿ ಎರಡು ಮೂರು ಸಲ ಬಳಿದು, ಪ್ರತಿ ಪದರದ ನಡುವೆ ನಯವಾದ ಕಾಗದದಿಂದ ಮೆಲ್ಲನೆ ಉಜ್ಜಬೇಕು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮಾಡುವ, ಭಾರತದಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಫ್ರೆಂಚ್ ಪಾಲಿಶ್ ಮನೋಹರವಾದ ಕಾಂತಿಯನ್ನೀಯುವುದಾದರೂ, ನೀರು ನಿಂತಲ್ಲಿ ಬಿಳಿಯ ಕಲೆಯಾಗುವ ಸ್ವಭಾವದ್ದಾದುದರಿಂದ ಕಿಟಕಿಯ ಕೆಳಪಟ್ಟಿಗೆ ವಾರ್ನಿಶ್ ಅಥವಾ ಪಾಲಿಯುರೆಥೇನ್ ಹೆಚ್ಚು ಯುಕ್ತ. ಮಳೆಗಾಲದ ತೇವದ ಹವೆಯಲ್ಲಿ ಅರಗಿನ ಲೇಪವು ಮಂಜುಗಟ್ಟಿದಂತೆ ಮಾಸುವುದರಿಂದ ಕೆಲಸವನ್ನು ಒಣಹವೆಗೆ ಕಾದಿರಿಸುವುದು ಲೇಸು. ಗೋಡೆಗೆ ತಾಗುವ ಹಿಂಬದಿಗೂ ಕೊಯ್ದ ತುದಿಗಳಿಗೂ ಜೋಡಿಸುವ ಮುನ್ನವೇ ಲೇಪ ಕೊಡದಿದ್ದರೆ, ಒಂದೇ ಮಗ್ಗುಲಿನಿಂದ ತೇವವನ್ನು ಹೀರಿದ ಪಟ್ಟಿಯು ಸೊಟ್ಟಗಾಗುತ್ತದೆ.

ಎಚ್ಚರಿಕೆ ಮತ್ತು ಪಾಲನೆ: ಅಗಸೆ ಎಣ್ಣೆಯುಳ್ಳ ಬಣ್ಣದಿಂದ ತೊಯ್ದ ಬಟ್ಟೆಗಳನ್ನು ಮುದ್ದೆಮಾಡಿ ಎಸೆದರೆ, ಎಣ್ಣೆಯು ಗಾಳಿಯೊಡನೆ ಸಂಯೋಗಗೊಳ್ಳುವಾಗ ಹುಟ್ಟುವ ಉಷ್ಣವು ಒಳಗೇ ಸಂಚಯವಾಗಿ ಬೆಂಕಿ ತಾನಾಗಿಯೇ ಹೊತ್ತಿಕೊಳ್ಳಬಹುದು, ಅವನ್ನು ಬಯಲಿನಲ್ಲಿ ಹರಡಿ ಒಣಗಿಸಬೇಕು. ಕೆಳಪಟ್ಟಿಯ ಮೇಲೆ ಹಾಕಿದ ನೀರಿನ ಹನಿಯು ಮಣಿಯಾಗಿ ನಿಲ್ಲದೆ ಮರದೊಳಗೆ ಇಂಗಿ ಕಪ್ಪಾದರೆ, ಲೇಪವನ್ನು ನವೀಕರಿಸುವ ಕಾಲ ಬಂದಿತೆಂದು ತಿಳಿಯಬೇಕು.