ದವಡೆ ಕೀಲಿನ ನೋವಿಗೆ ಮೊದಲ ಚಿಕಿತ್ಸೆ: ಹಾಸನ ಸೀಮೆಯ ನೆಲೆಯಿಂದ ಒಂದು ಮರುವಿಚಾರ

ಹಲ್ಲು ಉದುರಿದವರ ದವಡೆ ಅತಿಯಾಗಿ ಮುಚ್ಚಿಕೊಂಡು ಕೀಲನ್ನೂ ಕಿವಿಯ ಭಾಗವನ್ನೂ ಒತ್ತುತ್ತದೆ ಎಂದು ಅಮೆರಿಕದ ಕಿವಿ-ಗಂಟಲು ತಜ್ಞ ಜೇಮ್ಸ್ ಕಾಸ್ಟೆನ್ 1934ರಲ್ಲಿ ವಾದಿಸಿದರು. ಅಂಗರಚನೆ ಇದನ್ನು ಪುಷ್ಟೀಕರಿಸುವುದಿಲ್ಲವೆಂದು ಹ್ಯಾರಿ ಸಿಕರ್ 1948ರಲ್ಲಿ ತೋರಿಸಿದರು. ಸ್ನಾಯುಗಳ ಬಿಗಿತ, ಮಾನಸಿಕ ಒತ್ತಡ, ಹಲ್ಲು ಕಡಿಯುವ ಅಭ್ಯಾಸ ಹೀಗೆ ನೋವಿಗೆ ಕಾರಣಗಳು ಹಲವು ಎಂಬುದು ಈಗ ಬಹುಮಟ್ಟಿಗೆ ಒಪ್ಪಿತ. ಆದರೂ ನೋವೆಂದೊಡನೆ ಹಲ್ಲು ತೇದು ಕಚ್ಚುವಿಕೆ ಸರಿಪಡಿಸುವ, ಹಲ್ಲುಗಳ ಮೇಲೆ ಕೂರುವ ಪ್ಲೇಟ್ (ಸ್ಪ್ಲಿಂಟ್) ಹಾಕಿಸುವ ಮಾತು ನಿಂತಿಲ್ಲ.

ನನ್ನ ತಕರಾರು ಪ್ಲೇಟಿನ ಆದ್ಯತೆಯ ಬಗ್ಗೆ. ದೀರ್ಘಕಾಲದ ದವಡೆ ನೋವಿನ ಬಗ್ಗೆ 2023ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ ವರ್ತನಾ ಚಿಕಿತ್ಸೆ, ದವಡೆ ವ್ಯಾಯಾಮ, ಮನೆಯಲ್ಲೇ ಮಾಡುವ ಆರೈಕೆ, ರೋಗಿಗೆ ಧೈರ್ಯ ಹೇಳುವುದನ್ನು ಬಲವಾಗಿ ಶಿಫಾರಸು ಮಾಡಿತು. ತೆಗೆದು ಹಾಕಬಹುದಾದ ಪ್ಲೇಟಿನ ವಿರುದ್ಧವೇ, ಷರತ್ತಿನೊಡನೆ, ನಿಂತಿತು. ಪ್ಲೇಟನ್ನು ಮತ್ತೆ ಮತ್ತೆ ಸರಿಹೊಂದಿಸಬೇಕು, ಅದಕ್ಕಾಗಿ ಜಿಲ್ಲಾ ಕೇಂದ್ರಕ್ಕೆ ಓಡಾಡಬೇಕು. ಹೊಳೆನರಸೀಪುರ, ಚನ್ನರಾಯಪಟ್ಟಣದವರಿಗೆ ಹಾಸನಕ್ಕೆ ರೈಲಾದರೂ ಇದೆ. ಅರಕಲಗೂಡಿನವರಿಗೆ ಬಸ್ಸೇ ಗತಿ. ಹಾಗಾಗಿ ಮೊದಲ ಹಂತದ ಆರೈಕೆ ತಾಲ್ಲೂಕಿನಲ್ಲೇ ಶುರುವಾಗಬಹುದು, ಬಹುಶಃ ಶುರುವಾಗಬೇಕು ಎಂಬುದು ನನ್ನ ವಾದ: ಬಿಸಿ ಶಾಖ, ಅಗಲವಾಗಿ ಆಕಳಿಸದಿರುವುದು, ಮೇಲಿನ ಕೆಳಗಿನ ಹಲ್ಲು ತಾಗದಂತೆ ದವಡೆ ಸಡಿಲ ಬಿಡುವುದು, ಮೆತ್ತಗಿನ ಊಟ. ಅಗಿಯದೆ ನುಂಗುವ ರಾಗಿ ಮುದ್ದೆ ನಮ್ಮ ಕಡೆ ಇರುವಾಗ ಕೈಪಿಡಿಗಳ ಸೂಪು ಯಾಕೆ ಬೇಕೋ!

ಈ ವಾದಕ್ಕೆ ಮಿತಿಗಳಿವೆ. ಮಾರ್ಗಸೂಚಿ ಹೇಳುವ ವ್ಯಾಯಾಮಗಳಲ್ಲಿ ಕೆಲವಕ್ಕೆ ಫಿಸಿಯೋಥೆರಪಿಸ್ಟರ ಮೇಲ್ವಿಚಾರಣೆ ಬೇಕು. ಪ್ಲೇಟಿನ ವಿರುದ್ಧದ ಶಿಫಾರಸು ದುರ್ಬಲ ಪುರಾವೆಯದು; ಸವೆಯುತ್ತಿರುವ ಹಲ್ಲನ್ನು ಕಾಯಲು ಪ್ಲೇಟ್ ಕೊಡುವುದು ಬೇರೆ ವಿಷಯ. ಜಾರಿದ ಕೀಲು, ಮುರಿತ, ಜ್ವರದೊಡನೆ ಬಾವು ಇದ್ದರೆ ತಡಮಾಡದೆ ಹಾಸನಕ್ಕೆ ಕಳಿಸಲೇಬೇಕು. ಬಾಯಿ ಕ್ರಮೇಣ ಮುಚ್ಚಿಕೊಳ್ಳುತ್ತ ಮೂರು ಬೆರಳೂ ಹೋಗದಂತಾದರೆ ಅದು ಕೀಲಿನದೆಂದು ತೀರ್ಮಾನಿಸುವ ಮುನ್ನ ಕೆನ್ನೆಯ ಒಳಗೆ ಬೆರಳಾಡಿಸಿ ನೋಡಬೇಕು. ಅಡಿಕೆ, ಗುಟ್ಕಾ ಅಗಿಯುವವರಲ್ಲಿ ಒಳಪೊರೆ ಬಿಳಿಚಿ, ನಾರಿನ ಪಟ್ಟಿಗಳು ಕೈಗೆ ಸಿಕ್ಕರೆ ಅದು ಕ್ಯಾನ್ಸರಿಗೆ ತಿರುಗಬಲ್ಲ ಬೇರೆಯೇ ರೋಗ.

ಕೀಲಿನ ನೋವೂ ಈ ನಾರುಪಟ್ಟಿಯ ರೋಗವೂ ಒಂದೇ ಬಾಯಲ್ಲಿದ್ದಾಗ ದವಡೆ ಹಿಗ್ಗಿಸುವ ವ್ಯಾಯಾಮವನ್ನು ಎಷ್ಟರಮಟ್ಟಿಗೆ ಒತ್ತಾಯಿಸಬಹುದು ಎಂಬುದು ಈ ಲೇಖನದ ವ್ಯಾಪ್ತಿಗೆ ಸಿಗದ ಪ್ರಶ್ನೆ. ತಾಲ್ಲೂಕು ಮಟ್ಟದಲ್ಲಿ ಬಾಯಿ ತೆರೆಯುವ ಅಳತೆಯನ್ನೂ ಅಡಿಕೆ ಅಭ್ಯಾಸವನ್ನೂ ಒಂದೇ ಚೀಟಿಯಲ್ಲಿ ಬರೆದಿಡತೊಡಗಿದರೆ ಅದರ ಪರಿಶೀಲನೆಗೆ ದಾರಿಯಾದೀತು.