ಖಿನ್ನತೆ ನಿವಾರಕ ಔಷಧಿಗಳು ಮತ್ತು ದೇಹತೂಕದ ಹೆಚ್ಚಳ

1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಆರಂಭಿಸಿದ ಪ್ರಾಯೋಗಿಕ ಯೋಜನೆಯೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹೊಸಪೇಟೆ, ಹಂಪಿ, ಸಂಡೂರು ಹಾಗೂ ಕಂಪ್ಲಿ ಅಂದು ಇದೇ ಜಿಲ್ಲೆಯಲ್ಲಿದ್ದವು. ಖಿನ್ನತೆಗೆ ಚಿಕಿತ್ಸೆ ಪಡೆಯುವವರಲ್ಲಿ ಕೆಲವರು ತೂಕ ಹೆಚ್ಚಿತೆಂದು ಔಷಧಿಯನ್ನು ತಾವಾಗಿಯೇ ನಿಲ್ಲಿಸುವುದುಂಟು. ಇದು ಅಪಾಯಕರ.

ಕಾರಣಗಳು:
ಮಿರ್ಟಾಜಪೀನ್, ಅಮಿಟ್ರಿಪ್ಟಿಲಿನ್, ಪ್ಯಾರಾಕ್ಸೆಟೀನ್ ಔಷಧಿಗಳಿಂದ ತೂಕ ಹೆಚ್ಚುವ ಸಂಭವ ಅಧಿಕ. ಫ್ಲುವಾಕ್ಸೆಟೀನ್, ಬ್ಯುಪ್ರೊಪಿಯಾನ್‌ಗಳಿಂದ ಕಡಿಮೆ. ಖಿನ್ನತೆಯಿಂದ ಕುಗ್ಗಿದ್ದ ಹಸಿವು ಮರಳಿದಾಗಲೂ ತೂಕ ಏರಬಹುದು. ಅದು ಚೇತರಿಕೆಯ ಲಕ್ಷಣವೂ ಆಗಿರಬಹುದು.

ಅನುಸರಿಸಬೇಕಾದ ಕ್ರಮಗಳು:
1. ಚಿಕಿತ್ಸೆಯ ಆರಂಭದಲ್ಲಿ ತೂಕವನ್ನು ಬರೆದಿಟ್ಟು, ತಿಂಗಳಿಗೊಮ್ಮೆ ಪರಿಶೀಲಿಸುವುದು. ಶೇ. 5ರಷ್ಟು ಹೆಚ್ಚಿದಲ್ಲಿ (60 ಕೆ.ಜಿ. ತೂಕದವರಿಗೆ 3 ಕೆ.ಜಿ.) ವೈದ್ಯರಿಗೆ ತಿಳಿಸುವುದು.
2. ಅನ್ನದ ಪ್ರಮಾಣವನ್ನು ತಗ್ಗಿಸಿ, ಮಿತವಾದ ಜೋಳದ ರೊಟ್ಟಿಯೊಡನೆ ಸೊಪ್ಪು, ಕಾಳುಪಲ್ಯ ಸೇವಿಸುವುದು. ಮಿರ್ಚಿ ಬಜ್ಜಿ, ಸಿಹಿ ತಿನಿಸುಗಳನ್ನು ಮಿತಗೊಳಿಸುವುದು.
3. ಔಷಧಿಯಿಂದ ಬಾಯಿ ಒಣಗಿದಾಗ ಸಿಹಿ ಪಾನೀಯಗಳ ಬದಲು ನೀರು ಕುಡಿಯುವುದು.
4. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯುವುದು. ಬೇಸಿಗೆಯಲ್ಲಿ ಮುಂಜಾನೆ ಅಥವಾ ಸಂಜೆ ಸೂಕ್ತ.
5. ವೈದ್ಯರ ಸಲಹೆಯಂತೆ ರಕ್ತದ ಸಕ್ಕರೆ ಹಾಗೂ ಥೈರಾಯ್ಡ್ ಪರೀಕ್ಷೆ ಮಾಡಿಸುವುದು.

ಎಚ್ಚರಿಕೆ:
ಔಷಧಿಯನ್ನು ಹಠಾತ್ತನೆ ನಿಲ್ಲಿಸಿದಲ್ಲಿ ತಲೆಸುತ್ತು, ಚಡಪಡಿಕೆ, ನಿದ್ರಾಹೀನತೆ ಕಾಣಿಸಿಕೊಳ್ಳಬಹುದು, ಖಿನ್ನತೆಯೂ ಮರುಕಳಿಸಬಹುದು. ಪ್ರಮಾಣವನ್ನು ಇಳಿಸುವ ಅಥವಾ ಬೇರೆ ಔಷಧಿಗೆ ಬದಲಾಯಿಸುವ ನಿರ್ಧಾರ ವೈದ್ಯರದೇ ಆಗಿರತಕ್ಕದ್ದು.

ಸಂಪರ್ಕ:
2021ರಿಂದ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಯಲ್ಲಿದ್ದು, ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿವೆ. ಸಾರ್ವಜನಿಕರು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬಹುದು. 2022ರಲ್ಲಿ ಆರಂಭವಾದ ಟೆಲಿ-ಮನಸ್ ಉಚಿತ ಸಹಾಯವಾಣಿ 14416 ದಿನದ 24 ಗಂಟೆಯೂ ಲಭ್ಯವಿರುತ್ತದೆ.